ರೇಸ್ ಪಟ್ಟಿಯ ನಾಲ್ಕು ಸಾಲು

ಶಿರಗುಪ್ಪಿಯ ಕಡೆ ಓಟ ಅಂದರೆ ಎತ್ತಿನದು. ಕುದುರೆ ರೇಸ್ ನೋಡಬೇಕಾದರೆ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕು. ಮೈಸೂರು ರೇಸ್ ಕ್ಲಬ್ 1891ರಷ್ಟು ಹಳೆಯದು, ಚಾಮುಂಡಿ ಬೆಟ್ಟದ ಬುಡದಲ್ಲಿದೆ. ಆದರೆ ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ರೇಸ್ ಪಟ್ಟಿ ನಮ್ಮ ಹಳ್ಳಿಗಳಿಗೂ ಬರುತ್ತದೆ. ಓದುವವರ ಕಣ್ಣು ನೆಟ್ಟಗೆ ಕುದುರೆಯ ಹೆಸರಿಗೆ ಹೋಗುತ್ತದೆ. ಆ ಹೆಸರುಗಳ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಶರತ್ತು ಇರುತ್ತದೆ: ಯಾವ ಕುದುರೆ ಓಡಬಹುದು, ಬೆನ್ನ ಮೇಲೆ ಎಷ್ಟು ತೂಕ. ರೇಸು ಯಾವ ಬಗೆಯದು ಎಂದು ತಿಳಿಯುವುದು ಅಲ್ಲಿಯೇ. ಮಾದರಿಗೆಂದು ಅಂಥ ನಾಲ್ಕು ಸಾಲು ನಾನೇ ಬರೆದು, ಒಂದೊಂದನ್ನಾಗಿ ಬಿಡಿಸುತ್ತೇನೆ.

“ದೂರ: 1200 ಮೀಟರ್.”

ಎತ್ತುಗಳಿಗೆ ಖಾಲಿ ಗಾಡಿ ಕಟ್ಟಿ ಓಡಿಸುವ ನಮ್ಮ ಖಾಲಿ ಗಾಡಾ ಓಟದಲ್ಲಿ ಒಂದು ಜೋಡಿ ಓಡಿ ಮುಗಿಸಿದ ಮೇಲೆ ಇನ್ನೊಂದರ ಸರದಿ. ಗೊತ್ತಾದ ವೇಳೆಯಲ್ಲಿ ಎಷ್ಟು ಅಡಿ ಹೋದವು ಎಂದು ಅಳೆಯುತ್ತಾರೆ. ಟರ್ಫ್ ರೇಸಿನಲ್ಲಿ ಇದು ತಿರುವುಮುರುವು. ದೂರ ಮೊದಲೇ ಗೊತ್ತು, ಎಲ್ಲ ಕುದುರೆಗಳೂ ಸ್ಟಾರ್ಟಿಂಗ್ ಗೇಟಿನಿಂದ ಒಟ್ಟಿಗೆ ಹೊರಡುತ್ತವೆ, ಮೊದಲು ಕಂಬ ದಾಟಿದ್ದೇ ಗೆದ್ದದ್ದು. 1200 ಮೀಟರ್ ಎಂದರೆ ಸ್ಪ್ರಿಂಟ್. ಬಿಟ್ಟ ಗಳಿಗೆಯಿಂದಲೇ ವೇಗ ಬೇಕು. 2400 ದಾಟಿದರೆ ದಮ್ಮಿನ ಲೆಕ್ಕ. ದೇಶದ ಕ್ಲಬ್ಬುಗಳು ಸರದಿಯಂತೆ ನಡೆಸುವ ಇನ್ವಿಟೇಶನ್ ಕೂಟದಲ್ಲಿ ಸ್ಪ್ರಿಂಟರ್ಸ್ ಕಪ್ 1200 ಮೀಟರ್, ಸೂಪರ್ ಮೈಲ್ 1600, ಸ್ಟೇಯರ್ಸ್ ಟ್ರೋಫಿ 3000 ಎಂದು ಬೇರೆ ಬೇರೆ ಇಟ್ಟಿರುವುದು ಇದಕ್ಕೇ.

ಬೇಲಿ ಹಾರಿಸುವ ಓಟ ನಮ್ಮ ಪಟ್ಟಿಗಳಲ್ಲಿ ಸಿಗುವುದಿಲ್ಲ; ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್ ಆ ಜಾತಿಯದು, ಒಂದೇ ಓಟದಲ್ಲಿ 30 ಬೇಲಿ. ಬೆಳಗಾವಿ ಕಡೆಯ ಜಾತ್ರೆಗಳಲ್ಲಿ ನಡೆಯುವ ಕುದುರೆ ಗಾಡಿ ಶರ್ಯತ್ತು ಮತ್ತೊಂದು ಜಾತಿ. ಅಮೆರಿಕ, ಫ್ರಾನ್ಸಿನಲ್ಲೂ ಎರಡು ಗಾಲಿಯ ಹಗುರ ಗಾಡಿ ಕಟ್ಟಿ ಓಡಿಸುತ್ತಾರೆ. ಅಲ್ಲಿ ಕುದುರೆ ನಾಗಾಲೋಟಕ್ಕೆ ಬಿದ್ದರೆ ತಪ್ಪು, ತಡೆದು ಹದಕ್ಕೆ ತರಬೇಕು.

“ಟರ್ಮ್ಸ್: ಮೂರು ವರ್ಷದ, ಇನ್ನೂ ಗೆಲ್ಲದ ಕುದುರೆಗಳಿಗೆ. ಗಂಡಿಗೆ 56 ಕೆ.ಜಿ., ಹೆಣ್ಣಿಗೆ 54.5 ಕೆ.ಜಿ.”

ಒಮ್ಮೆಯೂ ಗೆಲ್ಲದ್ದಕ್ಕೆ ಮೇಡನ್ ಎನ್ನುತ್ತಾರೆ. ಹೋರಿಯ ವಯಸ್ಸನ್ನು ನಾವು ಹಲ್ಲು ನೋಡಿ ಹೇಳುತ್ತೇವೆ. ರೇಸ್ ಕುದುರೆಯದು ದಾಖಲೆಯಲ್ಲಿರುತ್ತದೆ. ಭಾರತದಲ್ಲಿ ಅದು ಯಾವ ತಿಂಗಳಲ್ಲಿ ಹುಟ್ಟಿದ್ದರೂ ಜನವರಿ 1ಕ್ಕೆ ಒಂದು ವರ್ಷ ಕೂಡುತ್ತದೆ. ಟರ್ಮ್ಸ್ ರೇಸಿನಲ್ಲಿ ತೂಕವನ್ನು ಶರತ್ತೇ ಗೊತ್ತುಮಾಡುತ್ತದೆ. ಒಂದೇ ವಯಸ್ಸಿನ ಎರಡು ಗಂಡು ಕುದುರೆಗಳಲ್ಲಿ ಒಂದು ಗಾಳಿಯಂಥದ್ದು, ಇನ್ನೊಂದು ಸಾಧಾರಣ ಎಂದಿದ್ದರೂ ಎರಡರ ಬೆನ್ನ ಮೇಲೂ ಅದೇ 56. ಹೆಣ್ಣಿಗೆ ಒಂದೂವರೆ ಕಿಲೋ ರಿಯಾಯಿತಿ. ಹೀಗಾಗಿ ಇಲ್ಲಿ ಮೊದಲು ಬಂದದ್ದನ್ನು ಆ ದಿನದ ಒಳ್ಳೆಯ ಕುದುರೆ ಎಂದು ಧೈರ್ಯವಾಗಿ ಹೇಳಬಹುದು.

“ಡರ್ಬಿ: 2400 ಮೀಟರ್.”

ಇದೂ ಟರ್ಮ್ಸೇ, ಆದರೆ ಒಂದು ತಲೆಮಾರಿನ ಕುದುರೆಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದೆಂದು ತಿಳಿಯಲು ನಡೆಸುವಂಥದ್ದು. ಇಂಗ್ಲೆಂಡಿನ ಎಪ್ಸಮ್ಮಿನಲ್ಲಿ 1780ರಲ್ಲಿ ಮೊದಲ ಡರ್ಬಿ ನಡೆಯಿತು. ಮುಂಬೈ ಮಹಾಲಕ್ಷ್ಮಿಯ ಇಂಡಿಯನ್ ಡರ್ಬಿ 1943ರಿಂದ ಇದೆ. ಬೆಂಗಳೂರು, ಮೈಸೂರಿಗೂ ತಮ್ಮ ತಮ್ಮ ಡರ್ಬಿಗಳಿವೆ. ಗಿನೀಸ್, ಓಕ್ಸ್, ಸೇಂಟ್ ಲೆಜರ್ ಇದೇ ಬಳಗದವು, ಒಟ್ಟಿಗೆ ಕ್ಲಾಸಿಕ್ ಎನ್ನಿಸಿಕೊಳ್ಳುತ್ತವೆ. ಇವುಗಳಲ್ಲಿ 1000 ಗಿನೀಸ್ ಮತ್ತು ಓಕ್ಸ್ ಹೆಣ್ಣುಮರಿಗಳಿಗೆ ಮೀಸಲು. ಕ್ಲಾಸಿಕ್ ಗೆದ್ದ ಕುದುರೆಯ ಬೆಲೆ ಓಟ ನಿಲ್ಲಿಸಿದ ಮೇಲೂ ಇಳಿಯುವುದಿಲ್ಲ. ಕುಣಿಗಲ್ಲಿನಂಥ ತಳಿಕೇಂದ್ರಗಳಲ್ಲಿ ಯಾವ ಗಂಡಿಗೆ ಯಾವ ಹೆಣ್ಣು ಎಂದು ನಿರ್ಧರಿಸುವಾಗ ಮೊದಲು ತೆರೆಯುವುದು ಈ ಗೆಲುವಿನ ಲೆಕ್ಕವನ್ನೇ.

“ಹ್ಯಾಂಡಿಕ್ಯಾಪ್: ರೇಟಿಂಗ್ 20ರಿಂದ 40.”

ಪಟ್ಟಿಯಲ್ಲಿ ಹೆಚ್ಚಿಗೆ ಕಾಣುವುದು ಈ ಬಗೆ. ಹೆಚ್ಚು ತಪ್ಪಾಗಿ ಓದುವುದೂ ಇದನ್ನೇ. ಒಂದಿಷ್ಟು ಸಲ ಓಡಿದ ಕುದುರೆಗೆ ಹ್ಯಾಂಡಿಕ್ಯಾಪರ್ ಎಂಬ ಅಧಿಕಾರಿ ಅಂಕ ಕೊಡುತ್ತಾನೆ. ಭಾರತದ ಲೆಕ್ಕದಲ್ಲಿ ಒಂದು ಅಂಕಕ್ಕೆ ಅರ್ಧ ಕಿಲೋ. 40 ಅಂಕದ ಕುದುರೆ 60 ಕಿಲೋ ಹೊತ್ತರೆ 30ರದ್ದು 55, 20ರದ್ದು 50. ಈ ತೂಕದಲ್ಲಿ ಜಾಕಿಯೂ ಜೀನೂ ಸೇರುತ್ತವೆ. ಕಡಿಮೆ ಬಿದ್ದರೆ ಜೀನಿನ ಕೆಳಗಿನ ಬಟ್ಟೆಯ ಜೇಬಿಗೆ ಸೀಸದ ಪಟ್ಟಿ ಸೇರಿಸುತ್ತಾರೆ. ಓಟಕ್ಕೆ ಮೊದಲು ಜಾಕಿ ಜೀನು ಹಿಡಿದೇ ತಕ್ಕಡಿ ಹತ್ತುತ್ತಾನೆ, ಓಟ ಮುಗಿದ ಮೇಲೆ ಮತ್ತೆ ಹತ್ತುತ್ತಾನೆ. ಆಗ ತೂಕ ಕಡಿಮೆ ಬಂದರೆ ಗೆಲುವು ಕೈಬಿಟ್ಟಂತೆ.

ಎಲ್ಲ ಕುದುರೆಗಳೂ ಒಂದೇ ಸಾಲಿನಲ್ಲಿ ಕಂಬ ಮುಟ್ಟಬೇಕು ಎಂಬುದೇ ಹ್ಯಾಂಡಿಕ್ಯಾಪರನ ಗುರಿ. ಆದ್ದರಿಂದ ಇಲ್ಲಿ ಮೊದಲು ಬಂದದ್ದೇ ಎಲ್ಲಕ್ಕಿಂತ ಒಳ್ಳೆಯ ಕುದುರೆ ಎನ್ನಲಾಗದು. 50 ಕಿಲೋ ಹೊತ್ತು ಗೆದ್ದದ್ದಕ್ಕಿಂತ, 60 ಹೊತ್ತು ಕುದುರೆಯ ಅರ್ಧ ಮೈಯುದ್ದದಷ್ಟು ಅಂತರದಲ್ಲಿ ಸೋತದ್ದನ್ನು ನಾನು ಮೇಲೆ ಇಡುತ್ತೇನೆ. ಹ್ಯಾಂಡಿಕ್ಯಾಪ್ ಕೆಳದರ್ಜೆಯ ಓಟ ಎಂಬ ಮಾತೂ ಸರಿಯಲ್ಲ: ಆಸ್ಟ್ರೇಲಿಯಾ ಇಡೀ ನಿಂತು ನೋಡುವ ಮೆಲ್ಬರ್ನ್ ಕಪ್ ಕೂಡ ಹ್ಯಾಂಡಿಕ್ಯಾಪ್, ದೂರ 3200 ಮೀಟರ್. ಫಾರ್ ಲ್ಯಾಪ್ ಎಂಬ ಕುದುರೆ 1930ರಲ್ಲಿ ಸುಮಾರು 62.5 ಕಿಲೋ ಹೊತ್ತು ಅದನ್ನು ಗೆದ್ದಿತು. ಮರುವರ್ಷ ಅದರ ಬೆನ್ನಿಗೆ 68 ಕಿಲೋ ಏರಿಸಿದರು, ಎಂಟನೆಯದಾಗಿ ಬಂತು. 1931ರ ಫಲಿತಾಂಶವನ್ನಷ್ಟೇ ಓದಿದವರು ಫಾರ್ ಲ್ಯಾಪ್ ಸೋತಿತು ಎನ್ನುತ್ತಾರೆ. ತೂಕದ ಅಂಕಣವನ್ನೂ ಓದಿದವರಿಗೆ, ಆ ಕುದುರೆ ಎಷ್ಟು ದೊಡ್ಡದೆಂದು ಹ್ಯಾಂಡಿಕ್ಯಾಪರನೇ ಬರೆದುಕೊಟ್ಟದ್ದು ಕಾಣುತ್ತದೆ.