ಸೋಮವಾರದ ಹಂಚು

ಹಳೆಯ ಮಂಗಳೂರು ಹಂಚೊಂದನ್ನು ಮಗುಚಿ ನೋಡಿ. ಬೆನ್ನ ಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರ ಕಂಡೀತು: ಬಾಸೆಲ್ ಮಿಷನ್, 1865. ಕೆಲವು ಹಂಚುಗಳ ಅಂಚಿನಲ್ಲಿ ಹಸಿ ಮಣ್ಣಿಗೆ ಊರಿದ ಬೆರಳಿನ ಗುರುತೂ ಇರುತ್ತದೆ. ನನ್ನ ಪಾಲಿಗೆ ಆ ಗುರುತೇ ಒಂದು ಪ್ರಾರ್ಥನೆ.

1834ರಲ್ಲಿ ಮಂಗಳೂರಿಗೆ ಬಂದ ಈ ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆ, ಕ್ರೈಸ್ತರಾಗಿ ಕುಲಕಸುಬು, ಆಸರೆ ಕಳೆದುಕೊಂಡವರಿಗೆ ದುಡಿಮೆಯ ದಾರಿ ಹುಡುಕಿತು. ಮುದ್ರಣ, ನೇಯ್ಗೆಯ ನಂತರ 1865ರಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹೊಳೆದಂಡೆಯ ಜೇಡಿಮಣ್ಣು ಹದ ಮಾಡಿ, ಅಚ್ಚೊತ್ತಿ, ನೆರಳಲ್ಲಿ ಒಣಗಿಸಿ, ಗೂಡಿನಲ್ಲಿ ಸುಡಬೇಕು. ಅವಸರ ಮಾಡಿದರೆ ಹಂಚು ಬಿರಿಯುತ್ತದೆ. ಒಂದರ ಅಂಚು ಇನ್ನೊಂದರ ತೋಡಿಗೆ ಸರಿಯಾಗಿ ಕೂತರಷ್ಟೇ ಮಳೆ ನಿಲ್ಲುತ್ತದೆ.

ಯೇಸುಸ್ವಾಮಿಯೂ ಹೀಗೆ ಕೈಯಾರೆ ಬಡಗಿಯ ಕೆಲಸ ಮಾಡಿದವರು. ಪೌಲರು ಗುಡಾರ ಮಾಡಿ ಬದುಕಿದವರು. ಭಾನುವಾರದ ಆರಾಧನೆಗೆ ಸೋಮವಾರದ ಬೆವರು ಹೊರತಲ್ಲ. ನೂರನೆಯ ಹಂಚನ್ನೂ ಮೊದಲನೆಯದರಷ್ಟೇ ಜತನದಿಂದ ಒತ್ತಿದ ಕೈಗೆ ವಿಶ್ವಾಸವೆಂದರೆ ಏನೆಂದು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ದಿನದ ಕೆಲಸದಲ್ಲೇ ಸಂತೋಷವಿದೆ.

ಆ ಹಂಚುಗಳ ಕೆಳಗೆ ಕರಾವಳಿಯ ಎಷ್ಟೋ ಮನೆಗಳು ಇಂದಿಗೂ ಸೋರದೆ ನಿಂತಿವೆ.