ಪಟ್ಟಿಯಲ್ಲಿ ನೀರೇ ಇಲ್ಲ

ಈ ವಾರ ಬೂಟಿನ ಅಟ್ಟೆಯ ಸರದಿ ಎಂದಿದ್ದೆ. ಬಂಡೆಗೆ ಮೆತ್ತನೆಯ ರಬ್ಬರು, ಕೆಸರಿಗೆ ಆಳವಾದ ಹಲ್ಲು: ಅಲ್ಲಿಗೆ ಅದು ಮುಗಿಯಿತು. ಕುರುಡುಮಲೆ ಗಣಪನಿಗೆ ಕೈಮುಗಿದು ಬೆಟ್ಟದ ಕಡೆ ಹೊರಟ ಹುಡುಗರ ಬ್ಯಾಗು ನೋಡಿದ ಮೇಲೆ ಬೇರೆಯದೇ ತಲೆಗೆ ಹೊಕ್ಕಿದೆ. ಬೇಸಿಗೆಯ ನಡುವೆ ಮಳೆಕೋಟು, ಮಡಚುವ ಕೋಲು, ಜಿಗಣೆಗೆಂದು ಉಪ್ಪಿನ ಪೊಟ್ಟಣ. ನೀರು ಮಾತ್ರ ತಲೆಗೆ ಅರ್ಧ ಲೀಟರು.

ಮಳೆಕಾಡಿನ ಕುಮಾರಪರ್ವತಕ್ಕೆ ಬರೆದ ಪಟ್ಟಿಯನ್ನು ಕೋಲಾರ ಜಿಲ್ಲೆಯ ಮುಳಬಾಗಿಲಿಗೆ ಹೊತ್ತು ತಂದರೆ ಹೀಗೇ ಆಗುವುದು. ಆವಣಿಯಲ್ಲಾಗಲಿ, ಅಂತರಗಂಗೆಯಲ್ಲಾಗಲಿ ಹತ್ತುವುದು ಒಂದರ ಮೇಲೊಂದು ಬಿದ್ದ ಗುಂಡುಗಳನ್ನು. ಎರಡೂ ಕೈ ಖಾಲಿ ಇರಬೇಕು. ಕೋಲು ಅಡ್ಡ. ಅಂತರಗಂಗೆಯ ಗವಿಗಳಲ್ಲಿ ನುಸುಳಲು ಹಗಲಲ್ಲೂ ಹಣೆಗೆ ಕಟ್ಟುವ ಟಾರ್ಚೇ ಬೇಕು, ಮೊಬೈಲ್ ಬೆಳಕಲ್ಲ.

ನಮ್ಮ ಹವ್ಯಾಸದವರು ವೇದದಂತೆ ಕಾಣುವ ಪುಸ್ತಕವೊಂದಿದೆ: ಅಮೆರಿಕದ ಸಿಯಾಟಲ್‌ನ ಪರ್ವತಾರೋಹಿಗಳ ಸಂಘ 1960ರಲ್ಲಿ ತಂದ ‘ಮೌಂಟನಿಯರಿಂಗ್: ದಿ ಫ್ರೀಡಂ ಆಫ್ ದಿ ಹಿಲ್ಸ್’. ಅದರ 1974ರ ಮೂರನೇ ಆವೃತ್ತಿಯಲ್ಲಿ ಪ್ರಸಿದ್ಧವಾದ ‘ಹತ್ತು ಅಗತ್ಯಗಳು’ ಅಚ್ಚಾದವು. ನಕ್ಷೆ, ದಿಕ್ಸೂಚಿ, ತಂಪು ಕನ್ನಡಕ ಮತ್ತು ಬಿಸಿಲಿನ ಮುಲಾಮು, ಹೆಚ್ಚುವರಿ ಬಟ್ಟೆ, ಟಾರ್ಚು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಹೊತ್ತಿಸುವ ಸಾಮಾನು, ಬೆಂಕಿಕಡ್ಡಿ, ಚಾಕು, ಹೆಚ್ಚುವರಿ ಆಹಾರ. ಇನ್ನೊಮ್ಮೆ ಓದಿ ನೋಡಿ. ಬೆಂಕಿಗೆ ಎರಡು ಜಾಗ ಕೊಟ್ಟವರು ನೀರಿಗೆ ಒಂದೂ ಕೊಟ್ಟಿಲ್ಲ! ಅವರ ತಪ್ಪೇನಲ್ಲ, ಹಿಮವೂ ತೊರೆಯೂ ಇರುವ ಬೆಟ್ಟದವರಿಗೆ ಚಳಿಯೇ ಶತ್ರು. ನೀರು ಆ ಪಟ್ಟಿಗೆ ಬಂದದ್ದು 2003ರ ಪರಿಷ್ಕರಣೆಯಲ್ಲಿ. ಕೋಲಾರದವರು ಬರೆದಿದ್ದರೆ ನೀರೇ ಮೊದಲ ಸಾಲಾಗುತ್ತಿತ್ತು, ಬೆಂಕಿಕಡ್ಡಿ ಇರುತ್ತಲೇ ಇರಲಿಲ್ಲ. ಒಣಹುಲ್ಲಿನ ಬೆಟ್ಟಕ್ಕೆ ಕಡ್ಡಿಪೆಟ್ಟಿಗೆ ಒಯ್ಯುವವನನ್ನು ಊರಿನವರು ಕೆಳಗೇ ತಡೆಯಬೇಕು.

ಇನ್ನು ಗ್ರಾಂ ಲೆಕ್ಕದವರು. ಹಲ್ಲುಜ್ಜುವ ಬ್ರಶ್ಶಿನ ಹಿಡಿ ಕತ್ತರಿಸಿ ತೂಕ ಇಳಿಸುವ ಈ ಪಂಥದೊಂದಿಗೆ ನನ್ನ ಜಗಳ ಹಳೆಯದು. ಅವರು ಹೆಮ್ಮೆಯಿಂದ ಹೇಳುವ ‘ಮೂಲ ತೂಕ’ದಲ್ಲಿ ಆಹಾರ, ಇಂಧನ, ನೀರು ಸೇರುವುದೇ ಇಲ್ಲ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ನಮ್ಮ ಕಡೆ ಒಂದು ಹಗಲಿನ ಚಾರಣಕ್ಕೆ ಬೆನ್ನ ಮೇಲಿನ ದೊಡ್ಡ ಭಾರ ಅದೇ. ಅದನ್ನೇ ಬಿಟ್ಟ ಲೆಕ್ಕ ಯಾವ ಸೀಮೆಯ ಲೆಕ್ಕ?

‘ದಾರಿಯಲ್ಲಿ ತುಂಬಿಸಿಕೊಳ್ಳುತ್ತೇವೆ, ಫಿಲ್ಟರ್ ಸ್ಟ್ರಾ ಇದೆ’ ಎನ್ನುವವರೂ ಇದ್ದಾರೆ. ಎಲ್ಲಿಂದ? ಬೇಸಿಗೆಯಲ್ಲಿ ಬಂಡೆಯ ದೊಣೆಗಳು ಬತ್ತಿರುತ್ತವೆ, ಇಲ್ಲವೇ ಪಾಚಿಗಟ್ಟಿರುತ್ತವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಜಿಲ್ಲೆಯ ಹಲವು ಕೆರೆಗಳಿಗೆ ಹರಿಯುತ್ತಿರುವುದು ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು. ಅದು ಅಂತರ್ಜಲ ತುಂಬಲು ಬಿಟ್ಟದ್ದು, ಕುಡಿಯಲಿಕ್ಕಲ್ಲ. ಸ್ಟ್ರಾ ಕೆಲವು ರೋಗಾಣುಗಳನ್ನು ತಡೆದೀತು. ನೀರಿನಲ್ಲಿ ಕರಗಿದ ರಾಸಾಯನಿಕಗಳನ್ನೆಲ್ಲ ಹಿಡಿಯುವ ಶಕ್ತಿ ಅದಕ್ಕಿಲ್ಲ. ಕೋಲಾರದ ಕೊಳವೆಬಾವಿಗಳ ಫ್ಲೋರೈಡ್ ಕುದಿಸಿದರೂ ಹೋಗದು. ಒಂದು ದಿನ ಕುಡಿದವರಿಗೆ ಅದರಿಂದ ಏನೂ ಆಗದು ಎನ್ನಿ. ವರ್ಷಗಟ್ಟಲೆ ಅದನ್ನೇ ಕುಡಿದು ಹಲ್ಲು ಮೂಳೆ ಕೆಡಿಸಿಕೊಂಡವರು ಬೆಟ್ಟದ ಬುಡದ ಹಳ್ಳಿಗರು. ಅವರ ಮನೆ ಬಾಗಿಲಲ್ಲಿ ಶುದ್ಧ ನೀರು ಕೇಳುವಾಗ ಇದು ನೆನಪಿರಲಿ.

ಆದ್ದರಿಂದ ನೀರನ್ನು ಮನೆಯಿಂದಲೇ ಹೊರಿ. ಬಿಸಿಲಲ್ಲಿ ಅರ್ಧ ದಿನಕ್ಕೆ ತಲೆಗೆ ಮೂರು ಲೀಟರು, ಒಂದೇ ಚೀಲದಲ್ಲಲ್ಲ, ಎರಡು ಮೂರು ಬಾಟಲಿಗಳಲ್ಲಿ. ಒಂದು ಒಡೆದರೆ ಇನ್ನೊಂದಿರುತ್ತದೆ. ಬರೀ ನೀರು ಸಾಲದು, ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಿ; ರುಚಿಗೆಂದು ಗಟ್ಟಿ ಮಾಡಬೇಡಿ. ಉಪ್ಪು ಹಾಕಿದ ಮಜ್ಜಿಗೆ, ಹುರಿಗಡಲೆ, ಬೆಲ್ಲ ಜೊತೆಗಿರಲಿ. ಅಗಲ ಅಂಚಿನ ಟೋಪಿ, ಸೀಟಿ, ಟಾರ್ಚು, ಗಾಯದ ಪಟ್ಟಿ: ಉಳಿದದ್ದು ಇಷ್ಟೇ.

ಜೊತೆಯವರಲ್ಲಿ ಯಾರಾದರೂ ತಲೆನೋವು, ವಾಕರಿಕೆ ಎಂದರೆ ನೆರಳಿಗೆ ಕೂರಿಸಿ, ಮೈಗೆ ನೀರು ಚಿಮುಕಿಸಿ ಗಾಳಿ ಬೀಸಿ. ಮಾತು ತೊದಲಿದರೆ ಕಾಯಬೇಡಿ, 112ಕ್ಕೆ ಫೋನು ಮಾಡಿ. ಮತ್ತು ಬಾಟಲಿಗಳಲ್ಲಿ ಅರ್ಧ ನೀರು ಮುಗಿದ ಕ್ಷಣ, ತುದಿ ಕಣ್ಣೆದುರೇ ಇದ್ದರೂ, ಇಳಿಯಲು ಶುರುಮಾಡಿ.