ಟಿಕೋಟಾದಿಂದ ಎಣಿಸಿದ ಟಿಕೆಟ್ಟು

ವಿಜಯಪುರದ ಅಥಣಿ ರಸ್ತೆಯಲ್ಲಿ ಬೇಸಿಗೆಯ ಮಾತುಕತೆ ಎರಡು ದರಗಳ ಸುತ್ತ ತಿರುಗುತ್ತದೆ. ಮಣೂಕ (ಒಣದ್ರಾಕ್ಷಿ) ಕಿಲೋಕ್ಕೆ ಎಷ್ಟು ಹೋಯಿತು ಎಂಬುದು ಒಂದು. ‘ಮಗಳ ಕಡೆ ಹೊಂಟೀರಂತಲ್ರಿ ಕಾಕಾ, ಟಿಕೀಟ ಎಷ್ಟಕ್ಕ ಬಿತ್ರಿ?’ ಎಂಬುದು ಇನ್ನೊಂದು. ತೊರವಿಯಿಂದ ಟಿಕೋಟಾದವರೆಗೆ, ಅತ್ತ ಬಬಲೇಶ್ವರದ ಕಡೆಗೂ, ದ್ರಾಕ್ಷಿ ಪಡದ ದುಡ್ಡಿನಲ್ಲಿ ಓದಿದ ಮಕ್ಕಳು ಡಲ್ಲಾಸ್, ಮೆಲ್ಬರ್ನ್, ದುಬೈ ಸೇರಿದ್ದಾರೆ. ಕಾಕಾ ಹೇಳುವ ಅಂಕಿ ಮಗಳು ಮೊಬೈಲಿನಲ್ಲಿ ಹುಡುಕಿ ಕಳಿಸಿದ್ದು. ಆ ಅಂಕಿ ಸುಳ್ಳಲ್ಲ, ಆದರೆ ಅರ್ಧ. ನಾವು ಲೆಕ್ಕವನ್ನು ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣದಿಂದ ಹಿಡಿಯುತ್ತೇವೆ. ದೇವನಹಳ್ಳಿ ಮುಟ್ಟುವವರೆಗಿನ ಐನೂರಕ್ಕೂ ಹೆಚ್ಚು ಕಿಲೋಮೀಟರ್ ಯಾರ ಖಾತೆಗೂ ಬೀಳುವುದಿಲ್ಲ. ಅಗ್ಗದ ವಿಮಾನ ಹುಡುಕುವ ನಮ್ಮ ರೂಢಿಯಲ್ಲಿ ನನಗೆ ಕಾಣುವ ದೊಡ್ಡ ದೋಷ ಇದೇ.

ಬೆಂಗಳೂರು ನಮ್ಮ ರಾಜಧಾನಿ, ಅಲ್ಲಿ ಬೀಗರ ಮನೆಯೂ ಇರುತ್ತದೆ, ಹಾಗಾಗಿ ಹುಡುಕುವಾಗ ಕೈ ತಾನಾಗಿ ಅದೇ ಹೆಸರು ಒತ್ತುತ್ತದೆ. ಆದರೆ ವಿಜಯಪುರದಿಂದ ಹೈದರಾಬಾದ್ ಸುಮಾರು 380 ಕಿಲೋಮೀಟರ್ ಅಷ್ಟೇ. ಅಲ್ಲಿನ ಔಟರ್ ರಿಂಗ್ ರೋಡ್ ಹಿಡಿದರೆ ಪೇಟೆಯೊಳಗೆ ಹೊಗದೆಯೇ ಶಂಶಾಬಾದಿನ ನಿಲ್ದಾಣಕ್ಕೆ ಇಳಿಯಬಹುದು. ದೋಹಾ, ದುಬೈ, ಅಬುಧಾಬಿಯ ವಿಮಾನಗಳು ಅಲ್ಲಿಂದಲೇ ಏಳುತ್ತವೆ. ಮುಂಬಯಿ ಸೊಲ್ಲಾಪುರದ ಮೇಲೆ ಹೋದರೆ ಹತ್ತಿರಹತ್ತಿರ 500 ಕಿಲೋಮೀಟರ್. ಕಂಪನಿಗಳು ಹೆಚ್ಚು, ಹಾಗಾಗಿ ದರದ ಪೈಪೋಟಿಯೂ ಹೆಚ್ಚು. ಆದರೆ ನಗರದೊಳಗಿನ ವಾಹನ ದಟ್ಟಣೆ ಮುದುಕರ ಜೀವ ಹಿಂಡುತ್ತದೆ. ಒಂದೇ ತಾರೀಖಿಗೆ ಮೂರೂ ಊರಿನ ದರ ಬರೆದುಕೊಂಡು, ಪ್ರತಿಯೊಂದಕ್ಕೂ ಕಾರಿನ ಬಾಡಿಗೆ, ಲಾಡ್ಜು, ಊಟ ಕೂಡಿಸಿ ನೋಡಿದರೆ ಮೊಬೈಲಿನಲ್ಲಿ ಮೇಲಿದ್ದದ್ದು ಕೆಳಗಿಳಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಎಪ್ಪತ್ತರ ಅಂಚಿನ ದಂಪತಿಗಾದರೆ ಮೊದಲು ಹೈದರಾಬಾದನ್ನೇ ನೋಡಿ ಎನ್ನುತ್ತೇನೆ.

ಇದಕ್ಕಿಂತ ಅಪಾಯದ ಇನ್ನೊಂದು ರೂಢಿ ಈಚೆಗೆ ಹಬ್ಬಿದೆ: ಎರಡು ಬೇರೆಬೇರೆ ಟಿಕೆಟ್ಟು ಕೊಂಡು ನಾವೇ ಗಂಟು ಹಾಕುವುದು. ನಮ್ಮ ದೊಡ್ಡವ್ವ, ದೊಡ್ಡಪ್ಪ ಹೀಗೆ ಹೊರಟಿದ್ದರು. ದೇಶದೊಳಗಿನ ಮೊದಲ ವಿಮಾನ ಮೂರು ತಾಸು ತಡವಾಯಿತು. ಇವರು ಓಡಿ ಮುಟ್ಟುವ ಹೊತ್ತಿಗೆ ಎರಡನೆಯದರ ಕೌಂಟರ್ ಮುಚ್ಚಿತ್ತು. ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿ, ಒಂದೇ ಪಿಎನ್‌ಆರ್‌ನಲ್ಲಿ ಇದ್ದಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದಾಗುತ್ತಿತ್ತು. ಟಿಕೆಟ್ಟು ಬೇರೆಯಾದ್ದರಿಂದ ಎರಡನೆಯ ಕಂಪನಿಯ ಕಣ್ಣಿಗೆ ಇವರು ಬಾರದೇ ಉಳಿದ ಪ್ರಯಾಣಿಕರು, ಅಷ್ಟೇ. ಉಳಿಸಿದ್ದು ಕೆಲವು ಸಾವಿರ, ಕಳೆದದ್ದು ಒಂದಿಡೀ ಟಿಕೆಟ್ಟು. ಆ ರಾತ್ರಿ ಫೋನಿನಲ್ಲಿ ದೊಡ್ಡವ್ವನ ದನಿ ಕೇಳಿದ ಮೇಲೆ ನಾನು ಈ ವಿಷಯವನ್ನು ಹಗುರಾಗಿ ನೋಡಿಲ್ಲ.

ಗಂಟಿನ ಮಾತು ಬಂದಾಗ ಚೀಲದ ಮಾತೂ ಬರಬೇಕು. ಅಮೆರಿಕದ ಟಿಕೆಟ್ಟಿಗೆ ಸಾಮಾನ್ಯವಾಗಿ ತಲೆಗೆ 23 ಕಿಲೋದ ಎರಡು ಚೀಲ. ದೇಶದೊಳಗಿನ ಬಿಡಿ ಟಿಕೆಟ್ಟಿಗೆ ಹೆಚ್ಚಾಗಿ 15 ಕಿಲೋ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಐದು ಕಿಲೋ ಮಣೂಕ, ಮೊಮ್ಮಗನ ಕುಲಾಯಿ ಎಲ್ಲ ಕಟ್ಟಿದ ತಾಯಿ ಮೊದಲ ಕೌಂಟರಿನಲ್ಲೇ ಹೆಚ್ಚಿನ ತೂಕಕ್ಕೆ ದುಡ್ಡು ತೆರುತ್ತಾಳೆ, ಇಲ್ಲವೇ ರೊಟ್ಟಿಯ ಗಂಟು ಅಲ್ಲೇ ಬಿಟ್ಟು ಹೋಗುತ್ತಾಳೆ. ಹೊರದೇಶದಲ್ಲಿ ಟಿಕೆಟ್ಟು ಮುರಿದರೆ ಇನ್ನೂ ಕಷ್ಟ. ಚೀಲ ತೆಗೆದುಕೊಳ್ಳಲು ಹೊರಗೆ ಬರಬೇಕು, ಹೊರಗೆ ಬರಲು ಆ ದೇಶದ ವೀಸಾ ಬೇಕಾಗಬಹುದು. ಅಮೆರಿಕದಲ್ಲಂತೂ ಬರೀ ವಿಮಾನ ಬದಲಿಸಲಿಕ್ಕೂ ವೀಸಾ ಬೇಕು.

ತಾರೀಖಿನ ವಿಷಯದಲ್ಲಿ ನಮ್ಮ ರೈತ ಕುಟುಂಬಗಳ ಪಾಡು ಬೇರೆಯೇ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಟಾವು, ಮಣೂಕದ ಶೆಡ್ಡು. ಏಪ್ರಿಲ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದರೆ ಅಕ್ಟೋಬರ್ ಚಾಟ್ನಿಯವರೆಗೆ ಮನೆಯಲ್ಲಿ ಒಬ್ಬಿಬ್ಬರಿಗೆ ಬಿಡುವು. ದುರ್ದೈವಕ್ಕೆ, ಮೇ ನಡುವಿನಿಂದ ಜುಲೈವರೆಗೆ ಅಮೆರಿಕದ ದರ ಮುಗಿಲು ಮುಟ್ಟಿರುತ್ತದೆ. ಎರಡೂ ಕಡೆ ಶಾಲೆ ರಜೆಯ ಓಡಾಟ. ಆಗಸ್ಟ್ ಕೊನೆಗೆ ದರ ಇಳಿಯುವಾಗ ಮರಳುವ ಅವಸರ ಶುರುವಾಗುತ್ತದೆ. ವಿಮಾನದ ಸೀಟುಗಳು ಹೊರಡುವ ಸುಮಾರು ಹನ್ನೊಂದು ತಿಂಗಳು ಮೊದಲೇ ಮಾರಾಟಕ್ಕೆ ಬರುತ್ತವೆ, ಹಾಗಾಗಿ ಮೇ ತಿಂಗಳ ಟಿಕೆಟ್ಟನ್ನು ಮಣೂಕದ ದುಡ್ಡು ಕೈಗೆ ಬರುವವರೆಗೆ ತಡೆಯದೆ ಚಳಿಗಾಲದಲ್ಲೇ ನೋಡಬೇಕು. ಮಂಗಳವಾರ ಕೊಂಡರೆ ಅಗ್ಗ, ಮೊಬೈಲಿನಲ್ಲಿ ಹಳೆಯ ಹುಡುಕಾಟದ ಗುರುತು ಅಳಿಸಿದರೆ ಅಗ್ಗ ಎಂಬ ಮಾತುಗಳಿಗೆ ನಾನು ಬೆಲೆ ಕೊಡುವುದಿಲ್ಲ. ಒಂದೇ ಸಾಲಿನ ಸೀಟುಗಳನ್ನು ಹಲವು ದರದ ಪಾಲುಗಳಾಗಿ ಮಾರುತ್ತಾರೆ; ಕೆಳಗಿನ ಪಾಲು ಮುಗಿದಾಗ ಮೇಲಿನದು ತೆರೆಯುತ್ತದೆ, ವಾರ ಯಾವುದಾದರೂ ಸರಿ.

ಮಗಳು ಡಲ್ಲಾಸಿನಲ್ಲಿ, ಮಗ ಮೆಲ್ಬರ್ನಿನಲ್ಲಿ ಇರುವ ಮನೆಯಲ್ಲಿ ಭೂಮಿ ಸುತ್ತುವ ಟಿಕೆಟ್ಟಿನ ಆಸೆ ಹುಟ್ಟುತ್ತದೆ. 1947ರ ಜೂನ್‌ನಲ್ಲಿ ಪ್ಯಾನ್ ಅಮೆರಿಕನ್ ಕಂಪನಿ ಕಲಕತ್ತಾದ ಮೇಲೆ ಭೂಮಿ ಸುತ್ತುವ ಹಾರಾಟ ಶುರುಮಾಡಿತ್ತು. ಇಂದು ಅಂಥ ಟಿಕೆಟ್ಟನ್ನು ಕಂಪನಿಗಳ ಕೂಟಗಳು ಮಾರುತ್ತವೆ. ಒನ್‌ವರ್ಲ್ಡ್ ಕೂಟದ ಟಿಕೆಟ್ಟಿನಲ್ಲಿ ಹತ್ತು ದಿನದಿಂದ ಒಂದು ವರ್ಷದೊಳಗೆ, ಹದಿನಾರು ಹಾರಾಟದ ಮಿತಿಯಲ್ಲಿ, ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಎರಡನ್ನೂ ದಾಟಿ ಒಂದೇ ದಿಕ್ಕಿನಲ್ಲಿ ಸಾಗಬೇಕು. ಹೈದರಾಬಾದ್, ದೋಹಾ, ಡಲ್ಲಾಸ್, ಸಿಡ್ನಿ, ಮೆಲ್ಬರ್ನ್, ಕೌಲಾಲಂಪುರ, ಮತ್ತೆ ಹೈದರಾಬಾದ್: ಓದಲು ಎಷ್ಟು ಚೆಂದ! ಆದರೆ ದರ ಖಂಡಗಳ ಲೆಕ್ಕದಲ್ಲಿ, ಆ ಲೆಕ್ಕದಲ್ಲಿ ದೋಹಾ ಯುರೋಪಿನ ಜೊತೆಗೆ ಸೇರುತ್ತದೆ. ತಾಯಿ ತಂಗುವುದು ಎರಡೇ ಊರಲ್ಲಿ, ತೆರುವುದು ನಾಲ್ಕು ಖಂಡಕ್ಕೆ. ಏಳೆಂಟು ಊರು ನೋಡುವ ಗಟ್ಟಿ ಕಾಲಿನವರಿಗೆ ಅದು ಒಳ್ಳೆಯ ಸರಕು. ಇಬ್ಬರು ಮಕ್ಕಳನ್ನಷ್ಟೇ ಕಾಣಬೇಕೆನ್ನುವವರು ಹಲವು ಊರುಗಳ ಸಾದಾ ಟಿಕೆಟ್ಟಿನ ದರವನ್ನು ಪಕ್ಕಕ್ಕಿಟ್ಟು ತೂಗಲೇಬೇಕು.

ಅಗ್ಗದ ವಿಮಾನದ ಕನಸನ್ನು ನಮ್ಮ ನಾಡಿಗೆ ತಂದವರು ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಏರ್ ಡೆಕ್ಕನ್ ಹಾರಿಸಿ ಒಂದು ರೂಪಾಯಿಗೂ ಟಿಕೆಟ್ಟು ಮಾರಿದರು. ಆಮೇಲೆ ಉಡಾನ್ ಯೋಜನೆ ಒಂದು ತಾಸಿನ ಹಾರಾಟದ ಕೆಲವು ಸೀಟುಗಳಿಗೆ 2,500 ರೂಪಾಯಿಯ ಮಿತಿ ಹಾಕಿತು. 2019ರಲ್ಲಿ ಕಲಬುರಗಿ ನಿಲ್ದಾಣ ತೆರೆಯಿತು, 2025ರಲ್ಲಿ ಸೊಲ್ಲಾಪುರದಿಂದ ಗೋವಾ, ಮುಂಬಯಿಗೆ ವಿಮಾನ ಬಂತು. ಇವೆಲ್ಲ ಹೆಮ್ಮೆಯ ಕೆಲಸಗಳು. ಆದರೆ ಚಿಕ್ಕ ವಿಮಾನದ ಕಂಪನಿಗೂ ದೊಡ್ಡ ವಿಮಾನದ ಕಂಪನಿಗೂ ಒಪ್ಪಂದ ಇಲ್ಲದಿದ್ದರೆ ದೊಡ್ಡವ್ವನ ಪಾಲಿಗೆ ಮತ್ತೆ ಅದೇ ಎರಡು ಟಿಕೆಟ್ಟು, ಅದೇ 15 ಕಿಲೋ. ವಿಜಯಪುರದ ಬುರಣಾಪುರ-ಮದಭಾವಿ ನಿಲ್ದಾಣಕ್ಕೆ 2021ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿತ್ತು. ಅಲ್ಲಿ ಕೌಂಟರ್ ತೆರೆದ ದಿನ ನಾನು ದರ ಕೇಳುವ ಮೊದಲು ಕೇಳುವುದು ಬೇರೆ: ಇಲ್ಲಿ ಹಾಕಿದ ರೊಟ್ಟಿಯ ಚೀಲ ಡಲ್ಲಾಸಿನಲ್ಲೇ ಕೈಗೆ ಸಿಗತೈತೇನ್ರಿ?